ಬೋರ್ಡಿಗೆ ತುರ್ತಾಗಿ ಬೇಕು: ಎಂ.ಎಸ್., ಎಸ್.ಎಸ್. ಇವಕ್ಕೆ ಕನ್ನಡದಲ್ಲಿ ಏನು ಬರೆಯೋದು?

ಗೆಳೆಯರೇ, ಪೀಣ್ಯದ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನ ಬೋರ್ಡು ನಾಳೆ ಪ್ರಿಂಟಿಗೆ ಹೋಗಬೇಕು. ಡ್ರಾಯಿಂಗ್ ಹಿಡಿದು ಬರುವವರಿಗೆ ಯಾವ ಬಿಡಿಭಾಗಕ್ಕೆ ಯಾವ ಲೋಹ ಸರಿ ಅಂತ ತಿಳಿಸುವ ಬೋರ್ಡು. ಎಂ.ಎಸ್. ಅಂದರೆ ಮೈಲ್ಡ್ ಸ್ಟೀಲಿಗೆ ‘ಮೆದು ಉಕ್ಕು’, ಎಸ್.ಎಸ್. ಅಂದರೆ ಸ್ಟೇನ್‌ಲೆಸ್ ಸ್ಟೀಲಿಗೆ ‘ತುಕ್ಕು ಹಿಡಿಯದ ಉಕ್ಕು’ ಅಂತ ಹಾಕಿದ್ದೇನೆ. ಡಕ್ಟಿಲಿಟಿಗೆ (ಲೋಹ ಮುರಿಯದೆ ಹಿಗ್ಗುವ, ಬಾಗುವ ಗುಣಕ್ಕೆ) ಪಠ್ಯಪುಸ್ತಕದ ‘ತನ್ಯತೆ’. ಸರಿಯಾ?

*

> ತನ್ಯತೆ

ಬೇಡ. ಸಂಸ್ಕೃತದ ‘ತಾ’ ಪ್ರತ್ಯಯ ‘ತೆ’ ಆದ ಮಾತ್ರಕ್ಕೆ ಕನ್ನಡ ಆಗಲ್ಲ. ಆದರೆ ಉಕ್ಕನ್ನು ಬಿಡಬೇಡಿ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ‘ವೂಟ್ಸ್’ ಅನ್ನೋ ಭಾರತದ ಉಕ್ಕಿನ ಬಗ್ಗೆ ಪ್ರಬಂಧ ಓದಿದರಲ್ಲ, ಆ ವೂಟ್ಸ್ ನಮ್ಮ ಉಕ್ಕೇ. ಕಬ್ಬಿಣವೂ ಅಷ್ಟೇ: ಕರಿ, ಪೊನ್ (ಲೋಹ) ಸೇರಿ ಕರ್ಬೊನ್, ಕರ್ಬುನ, ಕಬ್ಬಿಣ. ಮನೆಯಲ್ಲೇ ಇಷ್ಟಿರುವಾಗ ಸ್ಟೀಲ್ ಅಂತ ಸಾಲ ಯಾಕೆ?

*

ಪದದ ಹುಟ್ಟು ಬೋರ್ಡಿನ ಕೆಲಸಕ್ಕೆ ಬರಲ್ಲ ಸರ್. ಗೇಟು, ಗ್ರಿಲ್ ಮಾಡಿಸುವವರ ಬಾಯಲ್ಲಿ ಕಬ್ಬಿಣ ಅಂದ್ರೆ ಎಂ.ಎಸ್., ಸ್ಟೀಲ್ ಅಂದ್ರೆ ಎಸ್.ಎಸ್. ಉಕ್ಕು ಅಂತ ಬರೆದರೆ ‘ಇವೆರಡರಲ್ಲಿ ಯಾವುದು’ ಅಂತಾರೆ.

‘ತುಕ್ಕು ಹಿಡಿಯದ’ ಅನ್ನೋದು ಸುಳ್ಳು. ಎಸ್.ಎಸ್.ನಲ್ಲಿ ನಂಬರಿನ ದರ್ಜೆಗಳಿವೆ. 304 ದರ್ಜೆಯಲ್ಲಿ ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಇರುತ್ತೆ. ಕ್ರೋಮಿಯಂ ಮೇಲ್ಗಡೆ ತೆಳು ಪದರ ಕಟ್ಟಿ ಕಾಯುತ್ತೆ, ನಿಜ. ಕಡಲಿನ ಉಪ್ಪು ಕೂತರೆ ಆ ಪದರ ಅಲ್ಲಲ್ಲಿ ಒಡೆದು ಸಣ್ಣ ಕುಳಿ ಬೀಳುತ್ತೆ, ಸುತ್ತ ಕಂದು ಕಲೆ. ಕಾರವಾರದ ದೋಣಿಗೆ ಬ್ರಾಕೆಟ್ ಮಾಡಿಸುವವರಿಗೆ 316 ಬೇಕು. ಅದರಲ್ಲಿ 2ರಿಂದ 3% ಮಾಲಿಬ್ಡಿನಂ ಇದೆ. ನಿಮ್ಮ ಬೋರ್ಡು ನಂಬಿ 304 ಒಯ್ದರೆ ಜವಾಬ್ದಾರಿ ಯಾರದ್ದು?

‘ಮೆದು’ ಕೂಡ ಬೇಡ, ಭಾರ ತಡೆಯಲ್ಲ ಅಂದುಕೊಳ್ಳುತ್ತಾರೆ. ತನ್ಯತೆಯ ಜಾಗದಲ್ಲಿ ನೇರವಾಗಿ ಬರೆಯಿರಿ: ಅಲ್ಯೂಮಿನಿಯಂ ದರ್ಜೆಗಳಲ್ಲಿ 5052 ಚೆನ್ನಾಗಿ ಬಾಗುತ್ತೆ, 6061-ಟಿ6 ಇಕ್ಕಟ್ಟಾಗಿ ಬಾಗಿಸಿದರೆ ಬಿರುಕು ಬಿಡುತ್ತೆ.

*

ಹಾಗಾದರೆ ಕನ್ನಡ ಬೋರ್ಡೇ ಯಾಕೆ? ಇಂಗ್ಲಿಷಿನಲ್ಲೇ ಹಾಕಿಸಿ.

*

ಸಿಟ್ಟು ಬೇಡ ಸರ್. ಬ್ರಾಸಿಗೆ ಹಿತ್ತಾಳೆ, ಕಾಪರಿಗೆ ತಾಮ್ರ ಅಂತಲೇ ಬರೆಯಲಿ, ಜನ ಹಾಗೇ ಹೇಳುತ್ತಾರೆ. ತಾಮ್ರ, ಲೋಹ ಎರಡೂ ಸಂಸ್ಕೃತದಿಂದ ಬಂದ ಸಾಲವೇ ಅಲ್ವಾ? ಅವು ಒಳಗೆ, ಸ್ಟೀಲ್ ಮಾತ್ರ ಹೊರಗೆ ಅನ್ನೋದು ಯಾವ ನ್ಯಾಯ?

*

ಎಲ್ಲರಿಗೂ ಥ್ಯಾಂಕ್ಸ್. ಈಗ ಹೀಗಿದೆ: ‘ಕಬ್ಬಿಣ (ಎಂ.ಎಸ್.): ಬಣ್ಣ ಹೊಡೆಸಲೇಬೇಕು. ಸ್ಟೀಲ್ 304: ಒಳನಾಡಿಗೆ, ಅಡುಗೆಮನೆಗೆ. ಸ್ಟೀಲ್ 316: ಕಡಲ ತೀರಕ್ಕೆ.’ ತನ್ಯತೆ ತೆಗೆದೆ. ಇನ್ನೊಂದು ಉಳಿದಿದೆ. ಗ್ಯಾಲ್ವನೈಸ್ಡ್ ಶೀಟಿಗೆ ‘ಸತು ಲೇಪದ ತಗಡು’ ಅನ್ನಲಾ, ‘ಜಿ.ಐ. ಶೀಟ್’ ಅಂತ ಬಿಡಲಾ?