ಗೆಳೆಯ ಹೋದ ಮೇಲೆ ಕೆರೆದಂಡೆಯ ಕೋಣೆಯನ್ನು ಏನು ಮಾಡುವುದು?

ಪ್ರಶ್ನೆ: ಎರೆಹೊಲ (ಲಕ್ಷ್ಮೇಶ್ವರ)

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಶಾಲಾ ಮಾಸ್ತರ. ಶಿರಹಟ್ಟಿ ತಾಲ್ಲೂಕಿನ ಒಂದು ಸಣ್ಣ ಕೆರೆಯ ದಂಡೆಗೆ ನನ್ನ ಬಾಲ್ಯದ ಗೆಳೆಯನ ನಾಲ್ಕೆಕರೆ ಎರೆಹೊಲವಿದೆ. ಅದರ ಮೂಲೆಯಲ್ಲಿ 2005ರಲ್ಲಿ ನಾವಿಬ್ಬರೂ ಸೇರಿ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಕೋಣೆ ಕಟ್ಟಿದೆವು. ಗೋಡೆ ಕಲ್ಲುಮಣ್ಣಿನದು, ಮೇಲೆ ತಗಡು, ತಗಡು ಹಾರದಂತೆ ಅದರ ಮೇಲೆ ನಾಲ್ಕು ದಪ್ಪ ಕಲ್ಲು. ಬೆಳೆ ಕಾಯುವುದಕ್ಕೆಂದು ಮನೆಯವರಿಗೆ ಹೇಳಿದ್ದೆವು. ನಿಜ ಹೇಳಬೇಕೆಂದರೆ ಕುಳಿತು ಮಾತನಾಡುವುದಕ್ಕೆ.

ನಮ್ಮ ವರ್ಷ ಮಳೆಗಳ ಹೆಸರಿನಲ್ಲೇ ಸಾಗುತ್ತಿತ್ತು. ರೋಹಿಣಿ ಹೂಡುವ ಮೊದಲು ತಗಡಿನ ತೂತು ಮುಚ್ಚುವುದು, ಹಸ್ತ-ಚಿತ್ತೆಯಲ್ಲಿ ಕಡಲೆ ಬಿತ್ತಿ ಕೆರೆಗೆ ಎಷ್ಟು ನೀರು ಬಂತೆಂದು ನೋಡುವುದು, ದೀಪಾವಳಿ ಕಳೆದ ಮೇಲೆ ಇದೇ ತಾಲ್ಲೂಕಿನ ಮಾಗಡಿ ಕೆರೆಗೆ ಬರುವ ಹೆಬ್ಬಾತುಗಳಲ್ಲಿ ಒಂದಷ್ಟು ನಮ್ಮ ಕಡೆಗೂ ತಿರುಗುವುದನ್ನು ಕಾಯುವುದು, ಜನವರಿಯ ಚಳಿಯಲ್ಲಿ ಸೀತನಿ (ಎಳೆಯ ಜೋಳದ ತೆನೆ) ಸುಟ್ಟು ತಿನ್ನುವುದು. ಬೇಸಿಗೆಯಲ್ಲಿ ತಗಡಿನ ಕೆಳಗೆ ಕೂರಲಾಗದೆ ಬೇವಿನ ನೆರಳಿಗೆ ಹೋಗುತ್ತಿದ್ದೆವು. ಆ ಬಾತುಗಳು ರಾತ್ರಿ ಹೊಲಕ್ಕಿಳಿದು ಕಡಲೆ ಮೇಯುತ್ತವೆ. "ನಮ್ಮ ಕಡಲಿ ತಿನ್ನಾಕ ಮಂಗೋಲಿಯಾದಿಂದ ಬರತಾವು" ಎಂದು ಬೈಯುತ್ತಲೇ ಅವನು ಅವುಗಳನ್ನು ಎಣಿಸಿ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದ. ಒಂದು ದಿನದ ಬರಹ ಇಷ್ಟೇ ಇದೆ: "ಬಾತು ಬಂದವು, 14. ಕಡಲೆ ಹೋಯಿತು."

ಈ ವರ್ಷ ಮಿರಗದ (ಮೃಗಶಿರಾ) ಮಳೆ ಹಿಡಿದ ವಾರದಲ್ಲಿ ಅವನು ತೀರಿಕೊಂಡ. ಗಂಡುಮಕ್ಕಳಿಬ್ಬರೂ ಪುಣೆ, ಬೆಂಗಳೂರಿನಲ್ಲಿದ್ದಾರೆ. ಹೊಲವನ್ನು ಲಾವಣಿಗೆ (ಗೇಣಿಗೆ) ಕೊಡುವವರಿದ್ದಾರೆ. ದಿನಗಳೆಲ್ಲ ಮುಗಿದ ಮೇಲೆ ದೊಡ್ಡವನು ಕೀಲಿಕೈಯನ್ನು ನನ್ನ ಕೈಗಿಟ್ಟು, "ಕಾಕಾ, ಆ ಕೋಣೆ ನಿಮ್ಮದೇ" ಎಂದ. ನಾನು ಮೂರು ಸಲ ಹೊಲದವರೆಗೆ ಹೋಗಿ, ಕೀಲಿ ತೆಗೆಯದೆ ಹಿಂದಿರುಗಿದ್ದೇನೆ. ಕೆರೆಯ ಕಡೆಯ ಮೂಲೆಯಲ್ಲಿ ಗೋಡೆ ಬಿರುಕು ಬಿಟ್ಟಿದೆ. ಕೋಣೆಯನ್ನು ದುರಸ್ತಿ ಮಾಡಿಸಿ ಉಳಿಸಿಕೊಳ್ಳಲೇ, ಇಲ್ಲವೇ ಕೀಲಿಕೈ ಮರಳಿಸಿ ಸುಮ್ಮನಾಗಲೇ? ಇಂಥದನ್ನು ಕಂಡವರು ಹೇಳಬೇಕು.

ಉತ್ತರ: ಗರಸುರಸ್ತೆ (ಹುಬ್ಬಳ್ಳಿ)

ಮಾಸ್ತರರೆ, ಮನಸ್ಸಿನ ಮಾತು ಹೇಳಲು ನಾನು ಯೋಗ್ಯನಲ್ಲ. ಕಟ್ಟಡದ ಕೆಲಸ ಮಾಡಿಸುವವನಾದ್ದರಿಂದ ಗೋಡೆಯ ಮಾತು ಹೇಳುತ್ತೇನೆ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಕೆರೆಯ ಕಡೆಯ ಮೂಲೆ ಹೆಚ್ಚು ತೇವ ಹಿಡಿಯುವುದರಿಂದ ಅಲ್ಲಿಯೇ ಬಿರುಕು ಮೂಡುವುದು ಸಹಜ. ಬಿರುಕಿಗೆ ಸಿಮೆಂಟು ಮೆತ್ತಿ ಪ್ರಯೋಜನವಿಲ್ಲ, ಮುಂದಿನ ಬೇಸಿಗೆಗೆ ಮತ್ತೆ ಒಡೆಯುತ್ತದೆ. ಬುನಾದಿಯ ಸುತ್ತಲಿನ ಎರೆಮಣ್ಣನ್ನು ಎರಡಡಿ ತೆಗೆಸಿ, ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿ ಬಡಿಸಿ, ಮಳೆನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರು ಮಾಡಿಸಿರಿ. ತಗಡಿನ ಮೇಲಿನ ಕಲ್ಲು ತೆಗೆಸಿ, ತಗಡನ್ನು ಬಿಗಿಹಿಡಿಯುವ ಜೆ-ಬೋಲ್ಟ್ ಹಾಕಿಸಿರಿ.

ಆದರೆ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಕಾಗದ ನೋಡಿಕೊಳ್ಳಿರಿ. ಹುಡುಗ "ನಿಮ್ಮದೇ" ಎಂದದ್ದು ಪ್ರೀತಿಯ ಮಾತು. ಉತಾರದಲ್ಲಿ (ಪಹಣಿಯಲ್ಲಿ) ಅದು ಬರುವುದಿಲ್ಲ. ವಾರಸಾ ಆಗಿದೆಯೇ, ಅಂದರೆ ವಾರಸುದಾರರ ಹೆಸರು ಉತಾರಕ್ಕೆ ಏರಿದೆಯೇ, ಕೇಳಿರಿ. ಹದ್ದುಬಸ್ತು (ಗಡಿಯ ಅಳತೆ) ಮಾಡಿಸಿ ಕೋಣೆ ಹೊಲದೊಳಗೇ ಇದೆಯೋ, ಕೆರೆಯ ಅಂಗಳಕ್ಕೆ ಸರಿದಿದೆಯೋ ತಿಳಿದುಕೊಳ್ಳಿರಿ. ದಂಡೆಗೆ ಹತ್ತಿದ ಹೊಲಗಳಲ್ಲಿ ಬದು ಎಲ್ಲೆಲ್ಲಿಗೋ ಸರಿದಿರುತ್ತದೆ.

ಉತ್ತರ: ಬೇಡ್ತಿಹಳ್ಳ (ಕಲಘಟಗಿ)

ನನಗೂ ಒಬ್ಬ ಗೆಳೆಯನಿದ್ದ, ನಮಗೂ ಒಂದು ನೀರಿನ ದಂಡೆ ಇತ್ತು. ಹುಬ್ಬಳ್ಳಿಗೆ ಕುಡಿಯುವ ನೀರು ಕೊಡುತ್ತಿದ್ದ ನೀರಸಾಗರದ ಹಿನ್ನೀರಿನ ಪಕ್ಕದ ಅವರ ತೋಟದಲ್ಲಿ, ಪಂಪಿನ ಮನೆಗೆ ಅಂಟಿಕೊಂಡು ಒಂದು ಸಣ್ಣ ಪಡಸಾಲೆ. 2017ರ ಬೇಸಿಗೆಯಲ್ಲಿ ಜಲಾಶಯ ಬತ್ತಿದಾಗ ನಾವಿಬ್ಬರೂ ಎಷ್ಟೋ ವರ್ಷ ನೀರು ಕಂಡಿದ್ದ ಜಾಗದಲ್ಲಿ, ಬಿರಿದ ಕೆಸರಿನ ಹೆಂಟೆಗಳ ಮೇಲೆ ನಡೆದು, ಸತ್ತ ಚಿಪ್ಪುಗಳನ್ನು ಕಾಲಿಂದ ಒತ್ತುತ್ತ, ಇನ್ನು ಇದು ತುಂಬುವುದಿಲ್ಲವೆಂದು ಮಾತನಾಡಿಕೊಂಡೆವು. ಮರುವರ್ಷ ಅವನು ಹೋದ. 2019ರ ಆಗಸ್ಟಿನ ಮಳೆಗೆ ನೀರಸಾಗರ ತುಂಬಿತು. ಜನ ನೋಡಲು ಗುಂಪುಗುಂಪಾಗಿ ಹೋದರು, ನಾನು ಹೋಗಲಿಲ್ಲ. ಅವನಿಲ್ಲದೆ ಆ ನೀರು ನೋಡುವುದು ಮೋಸವೆಂದು ನನಗೆ ಆಗ ಅನ್ನಿಸಿತ್ತು. ಈಗ ಅದು ಬರೀ ಹಟವೆಂದು ಅನ್ನಿಸುತ್ತದೆ. ಎರಡು ಮಳೆಗಾಲ ಯಾರೂ ಕೀಲಿ ತೆಗೆಯದ್ದರಿಂದ ಪಡಸಾಲೆಯ ತೊಲೆಗೆ ಗೆದ್ದಲು ಹತ್ತಿ, ಅದು ಒಳಗೇ ಕುಸಿದಿತ್ತು. ಅವನ ಹಿತ್ತಾಳೆಯ ಚಹಾದ ಬೋಗುಣಿ ಅದರಡಿ ಚಪ್ಪಟೆಯಾಗಿ ಸಿಕ್ಕಿತು. ಉಳಿಸುವುದು, ಬಿಡುವುದು ಆಮೇಲಿನ ಮಾತು. ಮೊದಲು ಹೋಗಿ ಬಾಗಿಲು ತೆಗೆಯಿರಿ.

ಉತ್ತರ: ಹಕ್ಕಿನೋಟ (ಗದಗ)

ನೋಟುಬುಕ್ಕಿನ ವಿಷಯವಾಗಿ ಮಾತ್ರ. ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎಂಬ ಮಾನ್ಯತೆ ಬಂದಿತು. ಅದರ ಮುಖ್ಯ ಅತಿಥಿಯೇ ತಮ್ಮ ಗೆಳೆಯರು ಬೈಯುತ್ತಿದ್ದ ಪಟ್ಟೆತಲೆಯ ಹೆಬ್ಬಾತು. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ ಇರುವ ಈ ಹಕ್ಕಿ ಹಿಮಾಲಯ ದಾಟುವಾಗ 7,000 ಮೀಟರಿಗಿಂತ ಎತ್ತರದಲ್ಲಿ ಹಾರಿದ್ದು ಉಪಗ್ರಹದ ಜಾಡಿನಿಂದ ದಾಖಲಾಗಿದೆ. ದೊಡ್ಡ ಕೆರೆಯ ಎಣಿಕೆ ಹಲವರು ಮಾಡುತ್ತಾರೆ. ಅಕ್ಕಪಕ್ಕದ ಸಣ್ಣ ಕೆರೆಗಳಿಗೆ ಯಾವ ದಿನ ಎಷ್ಟು ಬಂದವೆಂದು ಒಬ್ಬನೇ ಮನುಷ್ಯ ವರ್ಷಗಟ್ಟಲೆ ಬರೆದಿಟ್ಟದ್ದು ಅಪರೂಪ. ದಯವಿಟ್ಟು ಪುಟಗಳ ಫೋಟೋ ತೆಗೆದಿಡಿರಿ. ಹಳೆಯ ದಿನಾಂಕಗಳನ್ನು ಹಕ್ಕಿಗಳ ಎಣಿಕೆ ದಾಖಲಿಸುವ ಜಾಲತಾಣವಾದ ಈ-ಬರ್ಡ್‌ನಲ್ಲಿ ಈಗಲೂ ಸೇರಿಸಬಹುದು, ನಾನು ಕೂಡಿಸಿಕೊಡುತ್ತೇನೆ. "ಕಡಲೆ ಹೋಯಿತು" ಎಂಬುದನ್ನೂ ಬಿಡದೆ ಬರೆಯೋಣ. ಮೇವು ಎಲ್ಲಿತ್ತೆಂಬುದಕ್ಕೆ ಅದೇ ಆಧಾರ.

ಉತ್ತರ: ಹೆಗ್ಗೇರಿ ದಂಡೆ (ಹಾವೇರಿ)

ಮಾಸ್ತರರೆ, ತಾವು ಗೆಳೆಯನ ಬಗ್ಗೆ ಬರೆದಿರಿ, ಮಕ್ಕಳ ಬಗ್ಗೆ ಬರೆದಿರಿ, ಬಾತುಗಳ ಬಗ್ಗೆಯೂ ಬರೆದಿರಿ. ಉತ್ತರ ಕೊಟ್ಟವರು ಗೋಡೆಯವರೆಗೆ ಹೋದರು. ಆ ಗೆಳೆಯನ ಹೆಂಡತಿ ಇದ್ದಾರೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಮೃತ್ಯುಪತ್ರ ಬರೆಯದೆ ತೀರಿಕೊಂಡವರ ಆಸ್ತಿಗೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಗಂಡುಮಕ್ಕಳಷ್ಟೇ ಅಲ್ಲದೆ ಹೆಂಡತಿ ಮತ್ತು ಹೆಣ್ಣುಮಕ್ಕಳೂ ಮೊದಲ ವರ್ಗದ ವಾರಸುದಾರರು. ದೊಡ್ಡ ಮಗನೊಬ್ಬನೇ ಕೀಲಿಕೈ ದಾನ ಮಾಡಲು ಬರುವುದಿಲ್ಲ. ಕಾಯ್ದೆ ಒತ್ತಟ್ಟಿಗಿರಲಿ. ನಾನೂ ಗಂಡನನ್ನು ಕಳೆದುಕೊಂಡವಳು. ಅವರ ಗೆಳೆಯರೆಲ್ಲ ಬಂದು ತಮ್ಮ ದುಃಖವನ್ನು ನನಗೆ ಹೇಳಿ ಹೋದರು. ಅವರು ನಿಮ್ಮೊಡನೆ ಕಳೆದ ಹೊತ್ತು ಹೇಗಿತ್ತು, ಅಲ್ಲಿ ಏನು ಮಾತನಾಡುತ್ತಿದ್ದರು ಎಂದು ಕೇಳಬೇಕೆನಿಸಿದರೂ ಕೇಳಲು ಆಗಲಿಲ್ಲ. ನಿಮ್ಮ ಆ ಕೋಣೆಯನ್ನು ಗೆಳೆಯನ ಹೆಂಡತಿ ಒಮ್ಮೆಯಾದರೂ ನೋಡಿದ್ದಾರೆಯೇ?

ಪ್ರಶ್ನೆ ಕೇಳಿದವರ ಮರುಬರಹ: ಎರೆಹೊಲ

ಹಾವೇರಿಯ ತಾಯಿಯವರ ಪ್ರಶ್ನೆ ಓದಿ ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನಾವಿಬ್ಬರೂ ತಿಂದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರದ ಬುತ್ತಿ ಕಟ್ಟಿಕೊಟ್ಟವರು ಗೆಳೆಯನ ಹೆಂಡತಿ, ನಮ್ಮ ವೈನಿಯವರು. ಅವರು ಆ ಕೋಣೆ ನೋಡಿರಲಿಲ್ಲ, ನಾವು ಕರೆದಿರಲೂ ಇಲ್ಲ.

ಸೀಗಿ ಹುಣ್ಣಿಮೆಗೆ ಈ ವರ್ಷ ಅವರ ಮನೆಯಲ್ಲಿ ಹಬ್ಬವಿಲ್ಲ, ಹೊಲದಲ್ಲಿ ಚರಗ (ಭೂತಾಯಿಗೆ ಎಡೆ) ಚೆಲ್ಲಲಿಲ್ಲ. ಮರುದಿನ ಮುಂಜಾನೆ ಅವರನ್ನೂ ಮಗಳನ್ನೂ ಕರೆದುಕೊಂಡು ಹೋದೆ. ಕೀಲಿ ಜಂಗು ಹಿಡಿದಿತ್ತು. ಮಗಳು ಎಣ್ಣೆ ಬಿಟ್ಟು ತೆಗೆದಳು. ಒಳಗೆ ಇಲಿ ಕಡಿದ ಕಂಬಳಿ, ಕಂದೀಲು, ಗೂಡಿನಲ್ಲಿ ನೋಟುಬುಕ್ಕು. ವೈನಿಯವರು ಹೊಸ್ತಿಲ ಮೇಲೆ ಕುಳಿತು ಕೆರೆಯ ಕಡೆ ಬೆನ್ನು ಮಾಡಿ ಬೆಳಕಿಗೆ ಹಿಡಿದು ಓದತೊಡಗಿದರು, ಒಂದೊಂದೇ ಪುಟ, ಬಹಳ ಹೊತ್ತು. ನಾನು ಕೋಣೆಯ ವಿಷಯ ಎತ್ತಲು ಬಾಯಿ ತೆರೆಯುವಷ್ಟರಲ್ಲಿ, ಅವರು ಒಂದು ದಿನಾಂಕದ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದರು.

"ಇವತ್ತ ಲಕ್ಷ್ಮೇಶ್ವರ ಸಂತಿಗೆ ಹೋಗತೇನಿ ಅಂದಿದ್ರಲ್ರಿ ಮಾಸ್ತರ. ಸಂಜಿಗೆ ಬರೇ ಚೀಲಾ ತಂದಿದ್ರು."