ಆಯಿಲ್ ಹಾಕದೆಯೇ ಲೆವೆಲ್ ಏರಿದರೆ: ಹಳೆಯ ಟ್ರ್ಯಾಕ್ಟರಿನ ಹೈಡ್ರಾಲಿಕ್ ಪ್ರಶ್ನೋತ್ತರ

ಪ್ರಶ್ನೆ (ಗಂಗಾವತಿ ಕಡೆಯ ರೈತರು): ಮಿಸ್ತ್ರಿಯವರಿಗೆ ನಮಸ್ಕಾರ. ನಮ್ಮಲ್ಲಿ 1998ರಲ್ಲಿ ಕೊಂಡ ಮ್ಯಾಸಿ ಫರ್ಗ್ಯುಸನ್ 1035 ಟ್ರ್ಯಾಕ್ಟರ್ ಇದೆ. ನಾಟಿಗೆ ಮುಂಚೆ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಹದಿನೈದು ದಿನ ಗದ್ದೆ ಕೆಸರು ಮಾಡಿದೆವು. ಆಗ ಹೈಡ್ರಾಲಿಕ್ ಆಯಿಲ್ ಅಳತೆ ಕಡ್ಡಿಯ ಮೇಲಿನ ಗೆರೆಗಿಂತ ಸ್ವಲ್ಪ ಕೆಳಗಿತ್ತು. ಈಗ ಒಂದು ಹನಿಯನ್ನೂ ಹಾಕಿಲ್ಲ, ಆದರೂ ಗೆರೆ ದಾಟಿ ಒಂದು ಬೆರಳಿನಷ್ಟು ಮೇಲಿದೆ. ಬೆಳಿಗ್ಗೆ ನೇಗಿಲು ಎತ್ತುವ ಲಿಫ್ಟ್ ನಡುಗುತ್ತಾ ಏಳುತ್ತದೆ. ಆಯಿಲ್ ಕಡಿಮೆಯಾಗಿಲ್ಲವಲ್ಲ ಎಂದು ಸುಮ್ಮನಿದ್ದೇನೆ. ಹೀಗೆಯೇ ಓಡಿಸಬಹುದೇ?

ಉತ್ತರ: ದಯವಿಟ್ಟು ಓಡಿಸಬೇಡಿ, ಅಣ್ಣನವರೇ. ಆಯಿಲ್ ಇಳಿದರೆ ಎಲ್ಲಿಗೆ ಹೋಯಿತೆಂದು ಎಲ್ಲರೂ ಹುಡುಕುತ್ತಾರೆ, ಏರಿದರೆ ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ನಿಮ್ಮ ಹೌಸಿಂಗಿನಲ್ಲಿ (ಆಯಿಲ್ ತುಂಬಿರುವ ಹಿಂಭಾಗದ ಕಬ್ಬಿಣದ ಪೆಟ್ಟಿಗೆಯಲ್ಲಿ) ಹೆಚ್ಚಾಗಿರುವುದು ಗದ್ದೆಯ ನೀರು ಎಂಬುದು ನನ್ನ ಅಂದಾಜು.

ಹ್ಯಾರಿ ಫರ್ಗ್ಯುಸನ್ ಅವರ ವಿನ್ಯಾಸದಲ್ಲಿ, 1946ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾಗತೊಡಗಿದ ಟಿಇ-20 ಟ್ರ್ಯಾಕ್ಟರಿನ ವಂಶಕ್ಕೆ ನಿಮ್ಮದೂ ಸೇರಿದೆ. ಈ ಪದ್ಧತಿಯಲ್ಲಿ ಗೇರ್ ಬಾಕ್ಸ್, ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳು), ಲಿಫ್ಟ್ ಮೂರಕ್ಕೂ ಒಂದೇ ಆಯಿಲ್. ಪಂಪು ಕೂಡ ಅದೇ ಆಯಿಲಿನಲ್ಲಿ ಮುಳುಗಿ ಕೆಲಸ ಮಾಡುತ್ತದೆ. ಆದ್ದರಿಂದ ಹರಿದ ಗೇರ್ ಲಿವರ್ ರಬ್ಬರಿನಿಂದಲೋ ಸವೆದ ಆಕ್ಸಲ್ ಸೀಲಿನಿಂದಲೋ ನೀರು ಒಳಗೆ ಬಂದರೆ ಲಿಫ್ಟಿನ ಜೊತೆಗೆ ಗೇರುಗಳಿಗೂ ಬೇರಿಂಗುಗಳಿಗೂ ತುಕ್ಕು ಹಿಡಿಯುತ್ತದೆ.

ಪರೀಕ್ಷೆ ಸುಲಭವಿದೆ. ಕಡ್ಡಿಯ ತುದಿಯಲ್ಲಿರುವ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ. ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಬೆರೆತಿದೆ. ಅನುಮಾನ ಉಳಿದರೆ ಕಬ್ಬಿಣದ ಸೌಟನ್ನು ಕಾಯಿಸಿ, ಮುಖ ದೂರವಿಟ್ಟು ಎರಡು ಹನಿ ಹಾಕಿ. ನೀರಿದ್ದರೆ ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯುತ್ತದೆ. ಟ್ರ್ಯಾಕ್ಟರನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೆಳಗಿನ ಡ್ರೈನ್ ಬೋಲ್ಟನ್ನು ನಿಧಾನವಾಗಿ ಸಡಿಲಿಸಿದರೆ, ನೀರು ಆಯಿಲಿಗಿಂತ ಭಾರವಾದ್ದರಿಂದ ತಳಕ್ಕೆ ಇಳಿದಿದ್ದು, ಅದೇ ಮೊದಲು ಹೊರಬರುತ್ತದೆ. ಆ ನೀರನ್ನಷ್ಟೇ ತೆಗೆದು ಬೋಲ್ಟ್ ಬಿಗಿದು ಕೆಲಸ ಮುಗಿಯಿತೆಂದುಕೊಳ್ಳಬೇಡಿ. ಬೆಳ್ಳಗಾದ ಆಯಿಲಿನಲ್ಲಿ ಬೆರೆತ ನೀರು ಹಾಗೆ ಬೇರೆಯಾಗುವುದಿಲ್ಲ, ಪೂರ್ತಿ ಬದಲಿಸಲೇಬೇಕು. ರಬ್ಬರು, ಸೀಲು, ಗಾಳಿಕಿಂಡಿಗಳನ್ನು ಸರಿಪಡಿಸಿ, ಜಾಲರಿ ಫಿಲ್ಟರನ್ನೂ ತೊಳೆದ ನಂತರವೇ ಹೊಸ ಆಯಿಲ್ ತುಂಬಿ. ಡೀಸೆಲ್ ಸುರಿದು ಟ್ರ್ಯಾಕ್ಟರ್ ಓಡಿಸಿ ಒಳಗೆ ತೊಳೆಯುವ ರೂಢಿ ಕೆಲವೆಡೆ ಇದೆ, ನಾನು ಅದನ್ನು ಒಪ್ಪುವುದಿಲ್ಲ: ಡೀಸೆಲ್ ಗೇರುಗಳಿಗೆ ಸಾಕಷ್ಟು ಜಿಡ್ಡು ಕೊಡುವುದಿಲ್ಲ, ಮೂಲೆಗಳಲ್ಲಿ ಉಳಿದದ್ದು ಹೊಸ ಆಯಿಲನ್ನೂ ತೆಳುವಾಗಿಸುತ್ತದೆ.

ಪ್ರಶ್ನೆ (ಅದೇ ರೈತರು): ನೀವು ಹೇಳಿದಂತೆ ಸೌಟಿನಲ್ಲಿ ನೋಡಿದೆ, ಸಿಡಿಯಿತು. ಇನ್ನು ಮುಂದೆ ಲೆವೆಲ್ ನೋಡುವ ಸರಿಯಾದ ಕ್ರಮ ಯಾವುದು? ಮನೆಯಲ್ಲಿ ಉಳಿದಿರುವ ಎಂಜಿನ್ ಆಯಿಲ್ ಹಾಕಬಹುದೇ?

ಉತ್ತರ: ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಲಿಫ್ಟಿನ ಕೈಗಳನ್ನು ಪೂರ್ತಿ ಇಳಿಸಿ, ಎಂಜಿನ್ ಬಂದ್ ಮಾಡಿ, ಹತ್ತು ಹದಿನೈದು ನಿಮಿಷ ಕಾಯಿರಿ. ಕೈಗಳು ಮೇಲಿದ್ದರೆ ಲಿಫ್ಟ್ ಸಿಲಿಂಡರಿನಲ್ಲಿ ನಿಂತ ಆಯಿಲ್ ಲೆಕ್ಕಕ್ಕೆ ಬರುವುದಿಲ್ಲ. ಆಗ ಕಡಿಮೆಯಿದೆಯೆಂದು ತಿಳಿದು ಹೆಚ್ಚು ಸುರಿದರೆ ಅದು ಆಕ್ಸಲ್ ಸೀಲುಗಳನ್ನು ದಾಟಿ, ಒಣ ಬ್ರೇಕ್ ಇರುವ ಹಳೆಯ ಟ್ರ್ಯಾಕ್ಟರುಗಳಲ್ಲಿ ಲೈನರಿಗೆ ತಾಗಿ, ಬ್ರೇಕ್ ಹಿಡಿಯದಂತಾಗುತ್ತದೆ. ಕಡ್ಡಿ ಎಳೆಯುವ ಮೊದಲು ಸುತ್ತಲಿನ ಧೂಳನ್ನು ಬಟ್ಟೆಯಿಂದ ಒರೆಸಿ; ಒಂದು ಚಿಟಿಕೆ ಮರಳು ಒಳಗೆ ಬಿದ್ದರೂ ಪಂಪಿನ ವಾಲ್ವಿಗೆ ಗೀರು ಬೀಳುತ್ತದೆ. ಹೊಸ ಆಯಿಲ್ ತುಂಬಿದ ನಂತರ ಲಿಫ್ಟನ್ನು ಹತ್ತು ಸಲ ಏರಿಳಿಸಿ ಮತ್ತೊಮ್ಮೆ ನೋಡುವುದನ್ನು ಮರೆಯಬೇಡಿ.

ಎಂಜಿನ್ ಆಯಿಲ್ ಬೇಡ. ಟ್ರ್ಯಾಕ್ಟರಿನ ಪುಸ್ತಕದಲ್ಲಿ ಹೇಳಿರುವ ಗ್ರೇಡಿನ ಆಯಿಲನ್ನೇ ಹಾಕಿ.

ಪ್ರಶ್ನೆ (ಸಿಂಧನೂರಿನ ಇನ್ನೊಬ್ಬರು): ನಮ್ಮ ಹಳೆಯ ಟ್ರ್ಯಾಕ್ಟರಿನಲ್ಲಿ ಲೆವೆಲ್ ಸರಿಯಿದೆ, ಆದರೆ ಟಿಪ್ಪಿಂಗ್ ಟ್ರೇಲರ್ ಅರ್ಧ ಎದ್ದೊಡನೆ ಪಂಪು ಗೊರಗುಟ್ಟುತ್ತದೆ, ಆಯಿಲಿನಲ್ಲಿ ನೊರೆಯೂ ಕಾಣುತ್ತದೆ.

ಉತ್ತರ: ಟ್ರೇಲರನ್ನು ಎತ್ತುವುದೂ ಟ್ರ್ಯಾಕ್ಟರಿನ ಆಯಿಲೇ ಎಂಬುದನ್ನು ನೆನಪಿಡಿ. ಸಿಲಿಂಡರಿನ ಒಳಗಿನ ಅಗಲ 10 ಸೆಂ.ಮೀ., ಏರುವ ಉದ್ದ 1 ಮೀಟರ್ ಎಂದುಕೊಂಡರೆ, 3.14 × 5 × 5 × 100, ಅಂದರೆ 7,850 ಘನ ಸೆಂ.ಮೀ., ಹತ್ತಿರ ಹತ್ತಿರ ಎಂಟು ಲೀಟರ್ ಆಯಿಲ್ ಅದಕ್ಕೇ ಹೋಗುತ್ತದೆ. ಅಷ್ಟು ಇಳಿದಾಗ ಪಂಪು ಗಾಳಿ ಎಳೆಯುತ್ತದೆ, ನೊರೆ ಬರುವುದು ಅದರಿಂದಲೇ. ನಿಮ್ಮ ಸಿಲಿಂಡರನ್ನು ಅಳೆದು ಇದೇ ರೀತಿ ಲೆಕ್ಕ ಹಾಕಿ, ಹೊರಗಿನ ಕೆಲಸಕ್ಕೆ ಎಷ್ಟು ಲೀಟರ್ ಕೊಡಬಹುದೆಂದು ಪುಸ್ತಕದಲ್ಲಿ ಹೇಳಿದೆಯೋ ಅದಕ್ಕೆ ಹೋಲಿಸಿ. ಸಾಲದಿದ್ದರೆ ಗೆರೆ ಮೀರಿ ತುಂಬುವ ದಾರಿ ಹಿಡಿಯದೆ ಚಿಕ್ಕ ಸಿಲಿಂಡರಿನ ಟ್ರೇಲರನ್ನೇ ಬಳಸಿ. ಲೆಕ್ಕ ಸರಿಯಿದ್ದೂ ಗೊರಗುಟ್ಟಿದರೆ ಎಳೆಯುವ ಕಡೆಯ ಜಾಲರಿ ಕಟ್ಟಿದೆಯೇ ನೋಡಿಸಿ.

ಪೈಪಿನಲ್ಲಿ ಸೋರಿಕೆ ಹುಡುಕುವಾಗ ಮಾತ್ರ ಕೈ ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ. ಸೂಜಿಮೊನೆಯಷ್ಟು ತೂತಿನಿಂದ ಒತ್ತಡದಲ್ಲಿ ಬರುವ ಆಯಿಲ್ ಚರ್ಮದೊಳಗೆ ಹೊಗುತ್ತದೆ. ಹಾಗಾದರೆ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ.