ಶಾಲೆಯ ನಡವಳಿಕೆ ತರಗತಿಗೆ ಮಗನನ್ನು ಸೇರಿಸಬಹುದೇ? ಅನುಭವ ಇದ್ದವರು ತಿಳಿಸಿ

ಸುರತ್ಕಲ್‌ನ ತಾಯಿ: ಎರಡನೇ ತರಗತಿಯ ಮಗ ಸಿಟ್ಟು ಬಂದರೆ ಪಕ್ಕದವರಿಗೆ ಹೊಡೆಯುತ್ತಾನೆ. ವಾರಕ್ಕೆ ಎರಡು ಪೀರಿಯಡ್‌ನ ಸಾಮಾಜಿಕ ಕೌಶಲ ತರಗತಿಗೆ ಸೇರಿಸಿ ಎನ್ನುತ್ತಾರೆ ಶಾಲೆಯವರು. ವರ್ಷಕ್ಕೆ 18,000 ರೂಪಾಯಿ ಪ್ರತ್ಯೇಕ ಶುಲ್ಕ. ಪ್ರಯೋಜನ ಕಂಡವರಿದ್ದೀರಾ?

ಬಿಜೈಯ ತಾಯಿ: ನಾವು ಇಂಥದೇ ತರಗತಿಗೂ ಸೇರಿಸಿದೆವು, ಶ್ಯಾಡೋ ಟೀಚರನ್ನೂ (ತರಗತಿಯಲ್ಲಿ ಒಂದೇ ಮಗುವಿನ ಜತೆ ಕುಳಿತು ನೆರವಾಗುವವರು) ಇಟ್ಟೆವು. ಅವರಿಗೆ ತಿಂಗಳಿಗೆ 12,000ದಂತೆ ಎಂಟು ತಿಂಗಳಿಗೆ 96,000, ಪರೀಕ್ಷೆ ಮಾಡಿಸಿದ್ದಕ್ಕೆ 4,500, ದಿನದ ರಿಕ್ಷಾಕ್ಕೆ 140. ಲೆಕ್ಕದ ಪುಸ್ತಕ ಇವತ್ತಿಗೂ ನನ್ನ ಬಳಿ ಇದೆ. ತರಗತಿಯಲ್ಲಿ ‘ನನಗೂ ಒಮ್ಮೆ ಕೊಡು’ ಎಂದು ಚೆನ್ನಾಗಿ ಹೇಳುತ್ತಿದ್ದ ಮಗಳು ಮೈದಾನದಲ್ಲಿ ಚೆಂಡು ಕಸಿದುಕೊಳ್ಳುತ್ತಿದ್ದಳು, ಏಕೆಂದರೆ ಕಲಿಸಿದವರು ಮೈದಾನಕ್ಕೆ ಬರುತ್ತಿರಲಿಲ್ಲ, ಮೈದಾನದಲ್ಲಿದ್ದ ಪಿ.ಟಿ. ಮಾಸ್ಟರರಿಗೆ ಅವಳು ಏನು ಕಲಿತಿದ್ದಾಳೆಂದು ಯಾರೂ ಹೇಳಿರಲಿಲ್ಲ. ಶ್ಯಾಡೋ ಟೀಚರ್ ಸದಾ ಪಕ್ಕದಲ್ಲೇ ಕುಳಿತದ್ದರಿಂದ ಉಳಿದ ಮಕ್ಕಳು ಅವಳೊಡನೆ ಮಾತನ್ನೇ ಬಿಟ್ಟರು. ಜನವರಿಯಲ್ಲಿ ಆ ಟೀಚರ್ ಕೆಲಸ ಬಿಟ್ಟರು. ಫೆಬ್ರವರಿಯಲ್ಲಿ ನಾವು ಹೊರಟಲ್ಲಿಗೇ ಬಂದು ನಿಂತಿದ್ದೆವು.

ಬ್ರಹ್ಮಾವರದ ತಂದೆ: ನನ್ನ ಮಗ ಸರಕಾರಿ ಶಾಲೆಯವನು. ನಾವು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಅವನ ಟೀಚರ್ ಎರಡು ವಾರ ಕೇವಲ ಬರೆದಿಟ್ಟರು: ಹೊಡೆಯುವ ಮೊದಲು ಏನಾಯಿತು, ಹೊಡೆದ ಮೇಲೆ ಅವನಿಗೆ ಏನು ಸಿಕ್ಕಿತು. ಒಂಬತ್ತರಲ್ಲಿ ಏಳು ಸಲ ಜಗಳ ಬಿಸಿಯೂಟದ ಸಾಲಿನಲ್ಲಿ, ಹಿಂದಿನವರ ತಟ್ಟೆ ಬೆನ್ನಿಗೆ ತಾಗಿದಾಗಲೇ ಆಗಿತ್ತು. ಅವನನ್ನು ಸಾಲಿನ ಕೊನೆಗೆ ನಿಲ್ಲಿಸಿ, ದಿನಕ್ಕೆ ಮೂರು ಬಾರಿ ಗುರುತು ಹಾಕುವ ಒಂದು ಕಾರ್ಡ್ ಕೊಟ್ಟರು. ತಪ್ಪಿಗಲ್ಲ, ಕೈ ತಡೆದುಕೊಂಡದ್ದಕ್ಕೆ ಗುರುತು. ಅಮೆರಿಕದ ಶಾಲೆಗಳ ಚೆಕ್‌ಇನ್ ಚೆಕ್‌ಔಟ್ ಎಂಬ ಪದ್ಧತಿಯಲ್ಲೂ ಇಂಥದೇ ಕಾರ್ಡ್ ಇರುತ್ತದೆ. ಜೂನ್ ಮಳೆಗೆ ಕಿಸೆಯಲ್ಲೇ ಒದ್ದೆಯಾಗಿ ಶಾಯಿ ಹರಡಿದ ಒಂದು ಕಾರ್ಡನ್ನು ನಾನು ಒಣಗಿಸಿ ಇಟ್ಟುಕೊಂಡಿದ್ದೇನೆ. ಹಣ ಸುರಿಯುವವರು ಮೊದಲು ಮಗುವನ್ನು ಗಮನಿಸಲಿ.

ಬಿಜೈಯ ತಾಯಿ: ಸರ್, ನಾವು ಗಮನಿಸಲಿಲ್ಲ ಎಂದು ನಿಮಗೆ ಯಾರು ಹೇಳಿದರು? ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳು? ನನ್ನ ಮಗಳ ತರಗತಿಯಲ್ಲಿ 46. ಬರೆದಿಡಿ ಎಂದು ನಾನೂ ಕೈಮುಗಿದು ಕೇಳಿದ್ದೇನೆ, ಪುರುಸೊತ್ತಿಲ್ಲ ಎಂಬ ಉತ್ತರ ಬಂತು.

ಬ್ರಹ್ಮಾವರದ ತಂದೆ: ಹದಿನೇಳು ಮಕ್ಕಳು, ಆದರೆ ಎರಡು ತರಗತಿಗೆ ಒಬ್ಬರೇ ಟೀಚರ್. ನಮಗೆ ಸುಲಭವಾಗಿತ್ತು ಎಂದು ಭಾವಿಸಬೇಡಿ. ಮೂರು ವಾರ ಅವನು ಕಾರ್ಡನ್ನು ಹರಿದು ಎಸೆಯುತ್ತಿದ್ದ.

ಮಣಿಪಾಲದ ತಾಯಿ: ಶುಲ್ಕದ ಜಗಳ ಸಾಕು. ‘ತರಗತಿಗೆ ಸೇರಿಸಿ, ಇಲ್ಲವಾದರೆ ಟಿಸಿ ಒಯ್ಯಿರಿ’ ಎಂದು ನಮಗೆ ಹೇಳಿದ್ದರು. ಪ್ರಾಥಮಿಕ ಶಿಕ್ಷಣ ಮುಗಿಯುವ ತನಕ ಮಗುವನ್ನು ಹೊರಹಾಕುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮನ್ನು ಮುದ್ರಿಸಿ ಕೊಂಡೊಯ್ದೆ. ತಮ್ಮದು ಅಲ್ಪಸಂಖ್ಯಾತ ಸಂಸ್ಥೆ ಎಂದ ಶಾಲೆಯವರು, ಅಂಥ ಸಂಸ್ಥೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂಬ ಸುಪ್ರೀಂ ಕೋರ್ಟಿನ 2014ರ ತೀರ್ಪನ್ನು ಮುಂದಿಟ್ಟರು. ಬೇರೆ ಕಾಯ್ದೆಯ ಆಸರೆ ಹುಡುಕಿದೆ: ಆಟಿಸಂ, ಕಲಿಕಾ ನ್ಯೂನತೆಗಳು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಇವೆ. ನನ್ನ ಮಗನಿಗಿರುವ ಎಡಿಎಚ್‌ಡಿಯ (ಗಮನ ನಿಲ್ಲದ, ಅತಿ ಚಟುವಟಿಕೆಯ ಸಮಸ್ಯೆ) ಹೆಸರು ಅಲ್ಲಿಲ್ಲ. ನಾನು ಟಿಸಿ ಪಡೆದೆ.

ಬಿಜೈಯ ತಾಯಿ: ಟಿಸಿ ಏಕೆ ಪಡೆದಿರಿ? ಹೋರಾಡಬೇಕಿತ್ತು.

ಮಣಿಪಾಲದ ತಾಯಿ: ಅಕ್ಕ, ಏಳು ವಾರ ಅವನನ್ನು ಕಚೇರಿಯ ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರು. ಬೆಳಿಗ್ಗೆ ಸಮವಸ್ತ್ರ ಕಂಡರೆ ವಾಂತಿ ಮಾಡುತ್ತಿದ್ದ. ಸುರತ್ಕಲ್‌ನವರೇ, ಹಣ ಕಟ್ಟುವ ಮೊದಲು ಎರಡು ಮಾತು ಬರವಣಿಗೆಯಲ್ಲಿ ಕೇಳಿ: ಅಲ್ಲಿ ಕಲಿಸಿದ್ದನ್ನು ತರಗತಿಯ ಟೀಚರಿಗೆ ಯಾರು ತಿಳಿಸುತ್ತಾರೆ, ಮಗ ಮತ್ತೆ ಹೊಡೆದ ದಿನ ಅವನನ್ನು ಎಲ್ಲಿ ಕೂರಿಸುತ್ತಾರೆ.